ಒಂಬತ್ತು ಗುಡ್ಡೆ, ಮೂರೂರಿನ ನೆಣ

ಮನೆಯ ಫ್ರಿಜ್ಜಿನಲ್ಲಿ ಮೂರು ಕೆಜಿ ಆಡಿನ ಬಾಡು ಇಟ್ಟುಕೊಂಡು ಹೀರೇಕಾಯಿ ಸಾರಿನಲ್ಲಿ ಮುದ್ದೆ ನುಂಗುವ ಯೋಗ ಅಜ್ಜಂಪುರದಲ್ಲಿ ಬೇರೆ ಯಾರಿಗಾದರೂ ಬಂದಿದೆಯೋ ಇಲ್ಲವೋ, ಟೈಲರ್ ಅಜ್ಜಯ್ಯನಿಗಂತೂ ಬಂದಿತ್ತು. ಹೀರೇಕಾಯಿಯ ಮೇಲೆ ಅವನಿಗೆ ಹಳೆಯ ಹಗೆಯೇನೂ ಇರಲಿಲ್ಲ. ಎರಡು ತಿಂಗಳ ಹಿಂದಿನವರೆಗೂ ಅದು ತನ್ನ ಪಾಡಿಗೆ ಸಂತೆಯಲ್ಲಿತ್ತು, ಇವನು ತನ್ನ ಪಾಡಿಗೆ ಮನೆಯಲ್ಲಿದ್ದ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ನಡೆದ ಒಂದು ಉಚಿತ ಆರೋಗ್ಯ ತಪಾಸಣಾ ಶಿಬಿರ ಇಬ್ಬರನ್ನೂ ಒಂದೇ ತಟ್ಟೆಗೆ ತಂದು ಹಾಕಿತು.

ಶಿಬಿರಕ್ಕೆ ಅಜ್ಜಯ್ಯ ಹೋಗಿದ್ದು ಆರೋಗ್ಯದ ಆಸೆಗಲ್ಲ. ರಕ್ತ ಕೊಟ್ಟವರಿಗೆ ಟೀ, ಬಿಸ್ಕತ್ತು ಕೊಡುತ್ತಾರೆಂದು ಯಾರೋ ಹೇಳಿದ್ದರು. (ಟೀಗೆ ಸಕ್ಕರೆ ಸಾಲದಾಗಿತ್ತು, ಅದು ಬೇರೆ ವಿಷಯ.) ಅವನದು ಇಪ್ಪತ್ತೆಂಟು ಇಂಚಿನ ಸೊಂಟ. ಮೂವತ್ತು ವರ್ಷದಿಂದ ಊರಿನ ಹೊಟ್ಟೆಗಳಿಗೆಲ್ಲ ಟೇಪು ಸುತ್ತಿ, ‘ಸ್ವಲ್ಪ ಲೂಸ್ ಇಡ್ಲಾ ಯಜಮಾನ್ರೇ’ ಎಂದು ಕೇಳುತ್ತ ಬಂದವನು, ತನ್ನ ಟೇಪು ಮಾತ್ರ ಒಂದಿಂಚೂ ಮುಂದಕ್ಕೆ ಹೋಗಲಿಲ್ಲವೆಂದು ಬೀಗುತ್ತಿದ್ದವನು. ಅಂಥವನ ರಿಪೋರ್ಟು ವಾರದ ಮೇಲೆ ಬಂತು: ಕೊಲೆಸ್ಟ್ರಾಲ್ ಇನ್ನೂರ ನಲವತ್ತೆಂಟು.

“ಇನ್ನೂರ ನಲವತ್ತೆಂಟು!” ಎಂದು ಹೆಂಡತಿ ಹುಲಿಗೆಮ್ಮ ಹಣೆ ಚಚ್ಚಿಕೊಂಡಳು. “ನಮ್ಮಪ್ಪಂಗೆ ಎಂಬತ್ತು ವರ್ಸ ಆದ್ರೂ ಇಂಥದ್ದೊಂದು ಬರ್ಲಿಲ್ಲ ಕಣ್ರೀ.”

“ನಿಮ್ಮಪ್ಪ ಟೆಸ್ಟೇ ಮಾಡ್ಸಿರ್ಲಿಲ್ಲ ಕಣೇ.”

“ಬುದ್ವಂತ್ರು. ಅದಕ್ಕೇ ಬರ್ಲಿಲ್ಲ.”

ಆವತ್ತಿನಿಂದ ಮನೆಯಲ್ಲಿ ಬಾಡು ಬಂದ್. ಬಾಡಿಗಿಂತ ಹೆಚ್ಚಾಗಿ ನೆಣ ಬಂದ್. ಅಜ್ಜಯ್ಯನ ಪ್ರಾಣವಿದ್ದದ್ದೇ ಆ ಬಿಳಿ ಕೊಬ್ಬಿನಲ್ಲಿ. ತೊಡೆಯ ಮೆತ್ತನೆ ಬಾಡು ಯಾರಿಗೆ ಬೇಕಾದರೂ ಹೋಗಲಿ, ಪಕ್ಕೆಯ ಮೂಳೆ ಮಕ್ಕಳು ಚೀಪಲಿ, ಬಿಸಿ ಸಾರಿನಲ್ಲಿ ಬೆಂದ ಒಂದು ತುಂಡು ನೆಣ ಮುದ್ದೆಯ ತುತ್ತಿನ ಹಿಂದೆಯೇ ಗಂಟಲಲ್ಲಿ ಜಾರಿದರೆ ಅವನಿಗೆ ಆ ವಾರದ ಹೊಲಿಗೆಯೆಲ್ಲ ಸಾರ್ಥಕ. ಎರಡು ತಿಂಗಳಾಯಿತು, ಆ ಒಂದು ತುಂಡಿಗಾಗಿ ಅವನು ಹೆಂಡತಿಯ ಹತ್ತಿರ ಬೇಡಿದ, ಜಗಳವಾಡಿದ, ಒಮ್ಮೆ ಊಟ ಬಿಟ್ಟ. (ಹುಲಿಗೆಮ್ಮ ‘ಒಳ್ಳೇದಾಯ್ತು, ಅದೂ ಕಮ್ಮಿಯಾಗುತ್ತೆ’ ಎಂದು ಪಾತ್ರೆ ತೊಳೆದಿಟ್ಟಳು.)

ಇಂಥ ಬರಗಾಲದಲ್ಲಿ ಮಗಳು ನಿಶ್ಚಿತಾ ಮನೆಗೆ ಬಂದಳು. ಶಿವಮೊಗ್ಗದಲ್ಲಿ ಆಹಾರ ವಿಜ್ಞಾನ ಅಂತ ಓದುತ್ತಿದ್ದವಳು, ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ಅದರ ಹೆಸರನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಓದಿದಳು: “ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಆಡಿನ ಮಾಂಸದ ಕೊಬ್ಬಿನ ಸಂಯೋಜನೆ ಹಾಗೂ ಗುಣಮಟ್ಟದ ತೌಲನಿಕ ಅಧ್ಯಯನ.”

ಅಜ್ಜಯ್ಯನಿಗೆ ಇದರಲ್ಲಿ ಅರ್ಥವಾದದ್ದು ಮಾಂಸ, ಕೊಬ್ಬು ಎಂಬ ಎರಡು ಶಬ್ದ. ಅಷ್ಟಕ್ಕೇ ಅವನ ಬಾಯಲ್ಲಿ ನೀರೂರಿತು.

“ಅಂದ್ರೆ ಏನವ್ವಾ? ಮೂರೂರಿನ ಬಾಡು ಮನೆಗೆ ಬತ್ತದಾ?”

“ಬರುತ್ತೆ ಅಪ್ಪ. ಒಂದೊಂದೂರಿಂದ ಒಂದೊಂದು ಕೆಜಿ. ತೊಡೆದು, ಪಕ್ಕೆದು, ಆಮೇಲೆ ಕಿಡ್ನಿ ಸುತ್ತ ಇರುತ್ತಲ್ಲ, ಆ ನೆಣ.”

“ನೆಣ!” ಎಂದ ಅಜ್ಜಯ್ಯ. ಆ ಧ್ವನಿಯಲ್ಲಿ ಅವನು ಮದುವೆಯಾದ ಹೊಸದರಲ್ಲಿ ಹೆಂಡತಿಯ ಹೆಸರನ್ನೂ ಕರೆದಿರಲಿಲ್ಲ.

ನಿಶ್ಚಿತಾ ಉತ್ಸಾಹದಿಂದ ಪಾಠ ಶುರುಮಾಡಿದಳು. ಕಡೂರು ಕಡೆಯ ಆಡು ಬಯಲುಸೀಮೆಯ ಜಾಲಿ ಕಾಯಿ ತಿಂದು ಬೆಳೆದದ್ದು. ತರೀಕೆರೆಯದು ಲಿಂಗದಹಳ್ಳಿ ಕಡೆಯಿಂದ ಬರುತ್ತದೆ, ಕಾಡಂಚಿನ ಸೊಪ್ಪು ಮೇಯ್ದದ್ದು. ಅಜ್ಜಂಪುರದ್ದು ಈರುಳ್ಳಿ ಹೊಲದಲ್ಲಿ ಕಿತ್ತು ಬಿಟ್ಟಿದ್ದನ್ನೆಲ್ಲ ಮುಕ್ಕಿದ್ದು. ಮೇವು ಬೇರೆಯಾದರೆ ಕೊಬ್ಬಿನ ಗುಣ ಬೇರೆಯಾಗುತ್ತದಾ, ಎದೆಗೆ ಕೆಟ್ಟದ್ದೆನ್ನುವ ಕೊಬ್ಬು ಯಾವುದರಲ್ಲಿ ಎಷ್ಟು, ಅಷ್ಟೇನೂ ಕೆಟ್ಟದ್ದಲ್ಲದ ಕೊಬ್ಬು ಎಷ್ಟು, ಇದನ್ನೆಲ್ಲ ಮೆಷಿನ್ನಿಗೆ ಹಾಕಿ ನೋಡಬೇಕು.

“ಆಡಲ್ಲಿ ಒಂದು ವಿಶೇಷ ಇದೆ ಅಮ್ಮ. ಚರ್ಮದ ಕೆಳಗೆ ಕೊಬ್ಬು ಕಮ್ಮಿ, ಮಾಂಸದ ಮಧ್ಯ ಇನ್ನೂ ಕಮ್ಮಿ. ಇರೋದೆಲ್ಲ ಹೊಟ್ಟೆಯೊಳಗೆ, ಕಿಡ್ನಿ ಸುತ್ತ, ಕರುಳಿನ ಮೇಲೆ.”

“ಥೇಟ್ ನಿಮ್ಮಪ್ಪ,” ಎಂದಳು ಹುಲಿಗೆಮ್ಮ. “ಮೇಲೆ ನೋಡಿದ್ರೆ ಬರೀ ಮೂಳೆ, ಒಳಗೆ ನೋಡಿದ್ರೆ ಇನ್ನೂರ ನಲವತ್ತೆಂಟು.”

ಅಜ್ಜಯ್ಯ ಅದನ್ನು ಕೇಳಿಸಿಕೊಳ್ಳದವನಂತೆ ಮಗಳ ಕಡೆ ತಿರುಗಿದ. “ಹಂಗಾದ್ರೆ ಆಡಿನ ಬಾಡು ಒಳ್ಳೇದು ಅಂತಾಯ್ತಲ್ಲ. ಒಂದು ತುಂಡು ತಿಂದ್ರೆ...”

“ಒಳ್ಳೇದೋ ಕೆಟ್ಟದ್ದೋ, ಎಷ್ಟು ಒಳ್ಳೇದೋ ನೋಡೋಕೇ ಈ ಪ್ರಾಜೆಕ್ಟು ಅಪ್ಪ. ರಿಸಲ್ಟ್ ಬರ್ಲಿ.”

“ರಿಸಲ್ಟ್ ಬರೋಗಂಟ ಹೀರೇಕಾಯಿ,” ಎಂದಳು ಹುಲಿಗೆಮ್ಮ. ಆ ಮನೆಯಲ್ಲಿ ವಿಜ್ಞಾನಕ್ಕೂ ಅವಳಿಗೂ ಯಾವಾಗ ಒಪ್ಪಂದವಾಗಿತ್ತೋ ಅಜ್ಜಯ್ಯನಿಗೆ ತಿಳಿಯಲಿಲ್ಲ.

ಬಾಡು ತರುವ ಕೆಲಸ ಯಾರದೆಂದು ಬೇರೆ ಹೇಳಬೇಕಿಲ್ಲ. ಶನಿವಾರ ಅಂಗಡಿಗೆ ಬೀಗ ಹಾಕಿ, ಹೆಗಲಿಗೊಂದು ಥರ್ಮಾಕೋಲ್ ಡಬ್ಬಿ ನೇತುಹಾಕಿಕೊಂಡು ಅಜ್ಜಯ್ಯ ಮೊದಲ ಬಸ್ಸಿಗೇ ಕಡೂರಿಗೆ ಹೊರಟ. ಜೇಬಿನಲ್ಲಿ ಮಗಳು ಕೊಟ್ಟ ಪ್ರಶ್ನೆಗಳ ಚೀಟಿ. ಆಡಿನ ವಯಸ್ಸು ಎಷ್ಟು, ಹಲ್ಲು ಎಷ್ಟು, ಗಂಡೋ ಹೆಣ್ಣೋ, ಬೀಜ ಒಡೆದದ್ದೋ ಅಲ್ಲವೋ, ಕೊನೆಯ ಒಂದು ತಿಂಗಳು ಏನು ಮೇಯ್ದಿತ್ತು.

ಕಡೂರಿನ ಅಂಗಡಿಯವನು ಮಚ್ಚು ಕೊರಡಿನ ಮೇಲಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ. “ಏನು ಮೇಯ್ದಿತ್ತು ಅಂತ ನನ್ನ ಕೇಳ್ತೀರಲ್ಲ ಯಜಮಾನ್ರೇ, ನಾನೇನು ಅದರ ಪಕ್ಕ ಕೂತು ಉಂಡಿದ್ನಾ? ಹೆಣ್ಣು ನೋಡೋಕೆ ಹೋದಾಗ ಇಷ್ಟು ವಿಚಾರಿಸಿದ್ರಾ?”

ಇಲ್ಲ ಎಂದ ಅಜ್ಜಯ್ಯ ಮನಸ್ಸಿನಲ್ಲೇ. ವಿಚಾರಿಸಿದ್ದರೆ ಇವತ್ತು ಈ ಡಬ್ಬಿ ಹೊರುವ ಗತಿ ಬರುತ್ತಿರಲಿಲ್ಲ.

ಅಲ್ಲಿಂದ ತರೀಕೆರೆ. ತರೀಕೆರೆಯವನು ಚೀಟಿ ನೋಡಿ ಇನ್ಸ್ಪೆಕ್ಟರ್ ಕಡೆಯವನೆಂದು ತಿಳಿದು ಟೀ ತರಿಸಿದ, ಲೈಸೆನ್ಸು ತೋರಿಸಿದ, ಕೇಳದಿದ್ದರೂ ತಕ್ಕಡಿ ತೋರಿಸಿದ. ಅಜ್ಜಂಪುರದವನು ಗುರುತಿನವನಾದ್ದರಿಂದ ಬರೀ ನಕ್ಕ. ಮೂರು ಕಡೆಯೂ ಬಿಳಿಯ, ಗಟ್ಟಿ, ಮುಷ್ಟಿಗಾತ್ರದ ನೆಣವನ್ನು ಕಿಡ್ನಿಯಿಂದ ಬಿಡಿಸಿ ಕೊಡುವಾಗ ಅಜ್ಜಯ್ಯ ಆ ಕಡೆ ಮುಖ ತಿರುಗಿಸಿಕೊಂಡ. ತರೀಕೆರೆಯಿಂದ ಬರುವಾಗ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿತ್ತು. ಎರಡು ಕೆಜಿ ಬಾಡನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು, ಅದರಲ್ಲಿ ಒಂದು ಚೂರೂ ತನ್ನದಲ್ಲವೆಂದು ತಿಳಿದು ಕೂರುವುದು ಯಾವ ಗಂಡಸಿಗೂ ಬರಬಾರದು. ಅವನಿಗೆ ಮಗಳ ಮೇಲೆ, ಕಾಲೇಜಿನ ಮೇಲೆ, ಆ ಶಿಬಿರದ ಬಿಸ್ಕತ್ತಿನ ಮೇಲೆ ಒಟ್ಟಿಗೇ ಸಿಟ್ಟು ಬಂತು.

ಸಂಜೆ ಮೂರು ಚೀಲ ಫ್ರಿಜ್ಜಿಗೆ ಸೇರಿದವು. ಕಡೂರಿನದು ಕೆಂಪು ಚೀಲ, ತರೀಕೆರೆಯದು ನೀಲಿ, ಅಜ್ಜಂಪುರದ್ದು ಹಸಿರು.

“ಮೂರು ಕೆಜಿ ಬಾಡು ಕಣವ್ವಾ,” ಎಂದು ಅಜ್ಜಯ್ಯ ಕೊನೆಯ ಬಾರಿಗೆ ಬೇಡಿಕೊಂಡ. “ಒಂದು ತುಂಡು ಕಮ್ಮಿಯಾದ್ರೆ ಮೆಷಿನ್ನಿಗೆ ಗೊತ್ತಾಗ್ತದಾ?”

“ಅದು ಬಾಡಲ್ಲಪ್ಪ, ಸ್ಯಾಂಪಲ್,” ಎಂದಳು ನಿಶ್ಚಿತಾ. ಫ್ರಿಜ್ಜಿನ ಬಾಗಿಲು ಮುಚ್ಚಿತು. ಹೀರೇಕಾಯಿ ಸಾರು ಬಂತು.

ಭಾನುವಾರ ಬೆಳಿಗ್ಗೆ ಅವನಿಗೊಂದು ದಾರಿ ಹೊಳೆಯಿತು. ನಿಶ್ಚಿತಾ ಹನ್ನೊಂದೂವರೆ ಬಸ್ಸಿಗೆ ಸ್ಯಾಂಪಲ್ ತಗೊಂಡು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಅವಳ ಗೈಡು ಮದೀಹಾ ಮೇಡಂ ಭಾನುವಾರವಾದರೂ ಲ್ಯಾಬ್ ತೆಗೆದು ಕಾಯುತ್ತೇನೆಂದಿದ್ದರು. ಅದಕ್ಕೂ ಮುಂಚೆ ಮೂರು ಊರಿನ ಬಾಡನ್ನು ಒಂಬತ್ತು ಪ್ಯಾಕೆಟ್ ಮಾಡಬೇಕು, ಐಸ್ ತರಬೇಕು, ಅಂಟಿಸುವ ಚೀಟಿ ಪ್ರಿಂಟ್ ಹಾಕಿಸಬೇಕು. ಅವಳಿಗೆ ಇದ್ದದ್ದು ಎರಡೇ ಕೈ.

“ಪ್ಯಾಕೆಟ್ ಒಂದಕ್ಕೆ ಎಷ್ಟು?” ಎಂದು ಅಜ್ಜಯ್ಯ ಏನೂ ಆಸೆಯಿಲ್ಲದವನಂತೆ ಕೇಳಿದ.

“ಮುನ್ನೂರು ಗ್ರಾಂ.”

ಒಂಬತ್ತು ಮುನ್ನೂರ್ಲಿ ಎರಡು ಸಾವಿರದ ಏಳ್ನೂರು. ಮಿಕ್ಕಿದ್ದು ಮುನ್ನೂರು! ಅಳತೆ ಹಿಡಿದು ಬದುಕಿದವನಿಗೆ ಇಂಥ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಮುನ್ನೂರು ಗ್ರಾಮಿನಲ್ಲಿ ಒಂದು ಗೋಲಿಗಾತ್ರದ ನೆಣವಾದರೂ ಇರದೆ ಹೋಗುತ್ತದಾ? ಪ್ಯಾಕೆಟ್ಟಿಗೆ ಸೇರದ್ದು ಸ್ಯಾಂಪಲ್ ಅಲ್ಲ. ಸ್ಯಾಂಪಲ್ ಅಲ್ಲದ್ದು ಬಾಡು. ಬಾಡೆಂದ ಮೇಲೆ ಅದು ಬೇಯಬೇಕು.

“ನೀನು ಐಸ್ ತಗೊಂಬಾ ಹೋಗವ್ವ. ಪ್ಯಾಕೆಟ್ ನಾನು ಮಾಡ್ತೀನಿ. ಈ ಬೀದೀಲಿ ಪಾಲು ಹಾಕೋದ್ರಲ್ಲಿ ನನ್ನ ಮೀರಿಸ್ದೋನು ಯಾರವ್ನೆ?”

ಆ ಮಾತು ಸುಳ್ಳಲ್ಲ. ಅವರ ಬೀದಿಯಲ್ಲಿ ಹಬ್ಬದ ಮಾರನೇ ದಿನ ಹತ್ತು ಮನೆಯವರು ಸೇರಿ ಒಂದು ಆಡು ಕಡಿಸಿ ಗುಡ್ಡೆ ಹಾಕುವುದು ಹಿಂದಿನಿಂದ ಬಂದದ್ದು. ತೊಡೆ, ಪಕ್ಕೆ, ಲಿವರು, ಬೋಟಿ, ತಲೆ, ಕಾಲು ಎಲ್ಲವೂ ಹತ್ತೂ ಗುಡ್ಡೆಗೆ ಸಮವಾಗಿ ಬೀಳಬೇಕು. ಒಂದು ಗುಡ್ಡೆಗೂ ಇನ್ನೊಂದಕ್ಕೂ ವ್ಯತ್ಯಾಸ ಕಂಡರೆ ಮುಂದಿನ ಹಬ್ಬದವರೆಗೂ ಮಾತಿಲ್ಲ, ಕತೆಯಿಲ್ಲ. ಇಪ್ಪತ್ತೈದು ವರ್ಷದಿಂದ ಈ ಗುಡ್ಡೆ ಹಾಕುವ ಪಟ್ಟ ಅಜ್ಜಯ್ಯನದು. ಕಾಲು ಇಂಚು ಹೆಚ್ಚುಕಮ್ಮಿ ಇಲ್ಲದೆ ಅಂಗಿಯ ಎರಡು ತೋಳು ಕತ್ತರಿಸುವ ಕಣ್ಣು ಅವನದು. ತಕ್ಕಡಿ ತಂದವರನ್ನು ಅವನು ಬೈದು ಕಳಿಸಿದ್ದುಂಟು.

ನಿಶ್ಚಿತಾ ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದಳು. “ಕಡೂರಿಂದು ಮೂರು ಪ್ಯಾಕೆಟ್, ಬೇರೆ. ತರೀಕೆರೆದು ಮೂರು, ಬೇರೆ. ನಮ್ಮೂರಿಂದು ಮೂರು, ಬೇರೆ. ಆಯ್ತಾ? ಬೇರೆ ಬೇರೆ ಅಪ್ಪ.”

“ಗೊತ್ತಾಯ್ತು ಕಣವ್ವಾ. ನಾನೇನು ಎಳೇ ಮಗುವಾ?”

ಅಜ್ಜಯ್ಯ ಕಿವಿಯಾರೆ ಕೇಳಿಸಿಕೊಂಡಿದ್ದ. ಆದರೆ ಅವನ ಕೈ ಕೇಳಿಸಿಕೊಂಡಿರಲಿಲ್ಲ.

ಒಳಗೆ ಬೆಳಕು ಸಾಲದೆಂದು ಅವನು ಜಗುಲಿಗೆ ಬಂದ. ಪ್ಲಾಸ್ಟಿಕ್ ಹಾಳೆ ಹಾಸಿದ. ಬಾಳೆಎಲೆಯ ಒಂಬತ್ತು ತುಂಡುಗಳನ್ನು ಸಾಲಾಗಿ ಇಟ್ಟ. ತೋಳು ಮೇಲೇರಿಸಿದ. ಎದುರಿಗೆ ಬಾಡು, ಎಲೆ, ಬೆಳಗಿನ ಬಿಸಿಲು. ಇಪ್ಪತ್ತೈದು ವರ್ಷದ ಅಭ್ಯಾಸ ಮೈಮೇಲೆ ಬಂತು. ಕೆಂಪು ಚೀಲ ಬಗ್ಗಿಸಿದ. ನೀಲಿ ಚೀಲವನ್ನು ಅದರ ಮೇಲೆ ಬಗ್ಗಿಸಿದ. ಹಸಿರು ಚೀಲವನ್ನು ಅದರ ಮೇಲೆ ಬಗ್ಗಿಸಿ, ಎರಡೂ ಕೈ ಹಾಕಿ ಅಡಿಮೇಲು ಮಾಡಿ ಚೆನ್ನಾಗಿ ಕಲಸಿದ. ಗುಡ್ಡೆ ಹಾಕುವ ಮೊದಲ ನಿಯಮವೇ ಅದು: ಒಳ್ಳೆಯದೆಲ್ಲ ಒಂದೇ ಕಡೆ ಉಳಿಯಬಾರದು.

ಆಮೇಲೆ ಶುರುವಾಯಿತು ಅವನ ಕೈಚಳಕ. ತೊಡೆಯ ತುಂಡು ಒಂದೊಂದು ಎಲೆಗೆ. ಪಕ್ಕೆ ಒಂದೊಂದು ಎಲೆಗೆ. ಸಣ್ಣ ಮೂಳೆ ಬಿದ್ದ ಕಡೆ ಅದಕ್ಕೆ ಸಮವಾಗಿ ಎರಡು ಚೂರು ಮೆತ್ತನೆಯದು. ಕೊನೆಗೆ ನೆಣ, ಮೂರೂರಿನ ನೆಣವನ್ನೂ ಕತ್ತರಿಸಿ ಒಂಬತ್ತಕ್ಕೂ ಒಂದೇ ಸಮ. ಒಂಬತ್ತು ಗುಡ್ಡೆ ಎದ್ದವು. ಹಾಳೆಯ ಮೇಲೆ ಒಂದಿಷ್ಟು ಮಿಕ್ಕಿತ್ತು, ಅವನು ಕಾದಿದ್ದ ಆ ಮುನ್ನೂರು ಗ್ರಾಂ. ಅದರ ಮೇಲೆ ಅವನ ಕಣ್ಣು ಬಿತ್ತು. ಆದರೆ ಗುಡ್ಡೆ ಹಾಕುವವನ ಕೈಯಲ್ಲಿ ಏನೂ ಮಿಗಬಾರದೆನ್ನುವುದು ಎರಡನೇ ನಿಯಮ. ಅವನು ಯೋಚಿಸುವಷ್ಟರಲ್ಲಿ ಕೈ ಅದನ್ನೂ ಒಂಬತ್ತಕ್ಕೆ ಹಂಚಿ ಮುಗಿಸಿತ್ತು.

ಅಜ್ಜಯ್ಯ ಹಿಂದಕ್ಕೆ ಸರಿದು ತಲೆ ಓರೆ ಮಾಡಿ ನೋಡಿದ. ಅಬ್ಬಾ! ಇಷ್ಟು ಸಮನಾದ ಗುಡ್ಡೆ ತನ್ನ ಜನ್ಮದಲ್ಲೇ ಹಾಕಿರಲಿಲ್ಲ ಎನ್ನಿಸಿ ಎದೆಯುಬ್ಬಿತು.

ಗುಡ್ಡೆ ಎದ್ದದ್ದನ್ನು ಬೀದಿ ನೋಡದೆ ಇರುತ್ತದೆಯೇ? ಮೊದಲು ಎದುರುಮನೆಯ ಜಯದೇವಪ್ಪನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದರು. ಅವರು ನಿವೃತ್ತ ಪೋಸ್ಟ್ ಮಾಸ್ಟರ್, ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟದವರು. ಅದಕ್ಕೇ ಬೀದಿಯವರು ಅವರಿಗೊಂದು ಕೆಲಸ ಕೊಟ್ಟಿದ್ದರು. ಗುಡ್ಡೆಗೆ ಬೆನ್ನು ಹಾಕಿ, ಮೂಗಿಗೆ ಟವೆಲ್ಲು ಒತ್ತಿಕೊಂಡು ಅವರು ಕೂರಬೇಕು. ಅಜ್ಜಯ್ಯ ಒಂದು ಗುಡ್ಡೆ ಮುಟ್ಟಿ ‘ಇದು ಯಾರ್ದು?’ ಎಂದು ಕೂಗಿದರೆ, ಅವರು ನೋಡದೆ ಒಂದು ಮನೆಯ ಹೆಸರು ಹೇಳಬೇಕು. ಬಾಡಿನಲ್ಲಿ ಆಸೆಯಿಲ್ಲದವರ ಬಾಯಿಂದ ಬಂದದ್ದರಿಂದ ಯಾರೂ ಪಕ್ಷಪಾತ ಅನ್ನುವಂತಿರಲಿಲ್ಲ.

“ಏನಪ್ಪಾ ಅಜ್ಜಯ್ಯ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಹೇಳೇ ಕಳಿಸ್ಲಿಲ್ಲ?” ಎಂದು ಅವರು ಜಗುಲಿಯ ತುದಿಯಲ್ಲಿ ಬೆನ್ನು ತಿರುಗಿಸಿ ಕೂತೇಬಿಟ್ಟರು.

ಅವರು ಹಾಗೆ ಕೂತದ್ದೇ ಬೀದಿಗೆ ಗಂಟೆ ಹೊಡೆದಂತಾಯಿತು. ಪಕ್ಕದ ಮನೆ ಭುವನಾ ಸ್ಟೀಲ್ ಪಾತ್ರೆ ಹಿಡಿದು ಬಂದಳು. ವೆಲ್ಡಿಂಗ್ ಸಿರಾಜುದ್ದೀನನ ಹೆಂಡತಿ ಅಮೀನಾಬಿ ಡಬ್ಬಿ ಹಿಡಿದು ಬಂದಳು. ನೋಡನೋಡುತ್ತ ಒಂಬತ್ತು ಮನೆಯ ಒಂಬತ್ತು ಪಾತ್ರೆಗಳು ಜಗುಲಿ ಮುಂದೆ ಬಂದವು. ಅಜ್ಜಯ್ಯ “ಅಯ್ಯೋ ಇದು ಪಾಲಲ್ಲ ಕಣ್ರಮ್ಮಾ, ಇದು...” ಎನ್ನುವಷ್ಟರಲ್ಲಿ ನಿಶ್ಚಿತಾ ಐಸ್ ಚೀಲ ಹಿಡಿದು ಬಂದಳು.

ಅವಳು ಮೊದಲು ಎಲೆಗಳನ್ನು ನೋಡಿದಳು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಮೂರು ಖಾಲಿ ಚೀಲಗಳನ್ನು ನೋಡಿದಳು.

“ಅಪ್ಪಾ, ಇದರಲ್ಲಿ ಕಡೂರಿಂದು ಯಾವ್ದು?”

ಅಜ್ಜಯ್ಯ ಬಾಯಿ ತೆರೆದ. ಆಗಲೇ ಅವನಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು.

“ಎಲ್ಲದ್ರಲ್ಲೂ ಐತೆ ಕಣವ್ವಾ,” ಎಂದ ಮೆಲ್ಲಗೆ. “ಸಮವಾಗಿ ಐತೆ.”

“ತರೀಕೆರೆದು?”

“ಅದೂ.”

ನಿಶ್ಚಿತಾ ಐಸ್ ಚೀಲದ ಸಮೇತ ಮೆಟ್ಟಿಲ ಮೇಲೆ ಕುಸಿದಳು. “ವ್ಯತ್ಯಾಸ ನೋಡೋಕೆ ಅಲ್ವೇನಪ್ಪಾ ಇಷ್ಟೆಲ್ಲಾ ಮಾಡಿದ್ದು! ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲದ ಹಾಗೆ ಮಾಡಿಟ್ಟಿದೀಯಲ್ಲಾ!”

ಬೇರೆ ದಿನವಾಗಿದ್ದರೆ ಅಜ್ಜಯ್ಯ ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳುತ್ತಿದ್ದ. ಮಗಳ ಕಣ್ಣಲ್ಲಿ ನೀರು ಕಂಡು ಅವನು ಖಾಲಿ ಚೀಲಗಳನ್ನು ಎತ್ತಿ ಒಂದೊಂದಾಗಿ ಮಡಚತೊಡಗಿದ. ಹುಲಿಗೆಮ್ಮ ಒಳಗಿಂದ ಬಂದವಳು ಒಂದೇ ನೋಟಕ್ಕೆ ಎಲ್ಲ ಅರ್ಥ ಮಾಡಿಕೊಂಡಳು. “ಮನೇಲಿ ಒಂದು ದಿನ ಒಂದು ಕೆಲ್ಸ ಹೇಳಿದ್ದು ಕಣ್ರೀ ನಿಮ್ಗೆ. ಒಂದು ಕೆಲ್ಸ!”

“ಕೈ ತಪ್ಪು ಕಣೇ.”

“ಕೈ ತಪ್ಪಲ್ಲ, ತಲೆ ತಪ್ಪು. ಕೈ ಚೆನ್ನಾಗೇ ಮಾಡೈತೆ.”

ನಿಶ್ಚಿತಾ ಫೋನಿನಲ್ಲಿ ಮದೀಹಾ ಮೇಡಂಗೆ ವಿಷಯ ಹೇಳಿದಳು. ಸ್ಪೀಕರಿನಲ್ಲಿ ಅವರ ಧ್ವನಿ ಇಡೀ ಬೀದಿಗೆ ಕೇಳಿತು. “ಮೂರೂ ಬೆರೆಸಿಬಿಟ್ರಾ? ಪೂರ್ತಿ?”

“ಪೂರ್ತಿ ಮೇಡಂ. ನೆಣಾನೂ.”

“ಹಾಗಾದ್ರೆ ಅದು ಇನ್ನು ಸ್ಯಾಂಪಲ್ ಅಲ್ಲಮ್ಮ, ಬಾಡು. ಅಳಬೇಡ. ಪ್ರಾಜೆಕ್ಟಿನ ಸೆಮಿನಾರಿಗೆ ಇನ್ನೂ ಹದಿನೈದು ದಿನ ಇದೆ, ಮುಂದಿನ ಭಾನುವಾರ ಹೊಸದಾಗಿ ತಗೊಂಡು ಬಾ, ಲ್ಯಾಬ್ ತೆಗೀತೀನಿ. ಇದನ್ನ ಬೇಯಿಸ್ಕೊಂಡು ತಿಂದ್ಬಿಡಿ.”

ಬೇಯಿಸ್ಕೊಂಡು ತಿಂದ್ಬಿಡಿ! ಎರಡು ತಿಂಗಳಲ್ಲಿ ಅಜ್ಜಯ್ಯ ಕೇಳಿದ ಮೊದಲ ಒಳ್ಳೆಯ ಮಾತು. ಅದೂ ಓದಿದವರ ಬಾಯಿಂದ, ಡಾಕ್ಟರೇಟು ಪಡೆದವರ ಬಾಯಿಂದ, ಇಡೀ ಬೀದಿಯ ಎದುರಿಗೆ. ಮಗಳ ಪ್ರಾಜೆಕ್ಟೂ ಉಳಿಯಿತು, ಮೂರು ಕೆಜಿ ಬಾಡೂ ಉಳಿಯಿತು. ಅವನಿಗೆ ಆಗಲೇ ಹುರಿದ ಕೊಬ್ಬರಿ, ಚಕ್ಕೆ ಲವಂಗದ ವಾಸನೆ ಮೂಗಿಗೆ ಬಂತು. ಖಾರ ತಾನೇ ರುಬ್ಬುತ್ತೇನೆ, ಸೌದೆ ಒಲೆ ತಾನೇ ಹಚ್ಚುತ್ತೇನೆ ಎಂದು ಹೇಳಲು ಅವನು ಹೆಂಡತಿಯ ಕಡೆ ತಿರುಗಿದ.

ಹುಲಿಗೆಮ್ಮ ಅವನನ್ನು ನೋಡುತ್ತಿರಲಿಲ್ಲ. ಜಗುಲಿ ಮುಂದಿನ ಒಂಬತ್ತು ಪಾತ್ರೆಗಳನ್ನು ನೋಡುತ್ತಿದ್ದಳು.

“ಪಾತ್ರೆ ಹಿಡ್ಕೊಂಡು ಬಾಗ್ಲಿಗೆ ಬಂದೋರನ್ನ ಬರಿಗೈಲಿ ಕಳ್ಸೋಕಾಗ್ತದಾ?” ಎಂದಳು. “ತಗೊಳ್ರಮ್ಮ, ಎಲ್ಲಾ ತಗೊಂಡೋಗಿ. ದುಡ್ಡು ಗಿಡ್ಡು ಏನೂ ಬ್ಯಾಡ. ನಮ್ಮನೇಲಿ ಇದು ಆಗೋದೂ ಇಲ್ಲ, ಇವರಿಗೆ ಇನ್ನೂರ ನಲವತ್ತೆಂಟು ಐತೆ. ಒಂದು ತುಂಡು ನೆಣ ತಿಂದ್ರೂ ಎದೆ ಹಿಡ್ಕೊತದಂತೆ.”

ಅಷ್ಟು ಯಾವ ಡಾಕ್ಟರೂ ಹೇಳಿರಲಿಲ್ಲ. ಹೆಂಗಸರೆಲ್ಲ “ಅಯ್ಯೋ ಪಾಪ” ಎಂದು ಅಜ್ಜಯ್ಯನನ್ನು ಮೇಲಿಂದ ಕೆಳಗೆ ನೋಡಿದರು. ಅಮೀನಾಬಿಯ ಕಣ್ಣಂತೂ ತುಂಬಿಬಂತು.

“ಒಂದ್ನಿಮಿಷ!” ಎಂದು ಅಜ್ಜಯ್ಯ ಎಲೆಗಳಿಗೆ ಅಡ್ಡ ನಿಂತ. “ಗುಡ್ಡೆ ಒಂಬತ್ತೈತೆ, ಮನೆ ಹತ್ತು. ಒಂದೊಂದ್ರಿಂದ ಒಂದೊಂದು ತುಂಡು ತೆಗ್ದು ಹತ್ತನೇದು ಮಾಡಿಬಿಡ್ತೀನಿ, ಯಾರಿಗೂ ಮೋಸ ಆಗಲ್ಲ.”

“ಅದೆಂಗಾಗ್ತದೆ ಅಜ್ಜಯ್ಯಣ್ಣ?” ಎಂದಳು ಭುವನಾ. “ಹೋದ ಹಬ್ಬದಲ್ಲಿ ನಮ್ಮನೆಯವರು ಒಂದೇ ಒಂದು ಮೂಳೆ ಬದಲಾಯಿಸ್ಕೊಡಿ ಅಂದಿದ್ದಕ್ಕೆ, ಹಾಕಿದ ಗುಡ್ಡೆ ಮುಟ್ಟಿದ್ರೆ ಕೈ ಕತ್ತರಿಸ್ತೀನಿ ಅಂತ ಅಂಗಡಿ ಕತ್ತರಿ ತಂದು ತೋರಿಸ್ಲಿಲ್ವಾ ನೀವು?”

“ಹೌದಪ್ಪಾ, ಅದು ನಿನ್ನದೇ ಕಾನೂನು,” ಎಂದರು ಜಯದೇವಪ್ಪ ಬೆನ್ನು ತಿರುಗಿಸಿಕೊಂಡೇ, ಟವೆಲ್ಲಿನೊಳಗಿಂದ. “ಗುಡ್ಡೆ ಹಾಕಿದೋನು ಕೊನೇಗೆ ತಗೋಬೇಕು ಅನ್ನೋದೂ ನಿನ್ನದೇ. ಬೇಗ ಕೂಗಪ್ಪ, ವಾಸನೆ ತಡಿಯಕಾಗ್ತಿಲ್ಲ.”

ಅಜ್ಜಯ್ಯ ಮಗಳ ಮುಖ ನೋಡಿದ. ನಿಶ್ಚಿತಾ ಕಣ್ಣೊರೆಸಿಕೊಂಡು ಎತ್ತಲೋ ನೋಡಿದಳು. ಅವಳಿಂದ ಈಗ ದಯೆ ಕೇಳುವ ಮುಖ ಅವನಿಗೂ ಇರಲಿಲ್ಲ. ಅವನು ಬಗ್ಗಿ ಮೊದಲ ಗುಡ್ಡೆಗೆ ಬೆರಳಿಟ್ಟ.

“ಇದು ಯಾರ್ದು?”

“ಭುವನಾ.”

“ಇದು ಯಾರ್ದು?”

“ವೆಲ್ಡಿಂಗ್ ಸಿರಾಜುದ್ದೀನ್.”

ಪ್ರತಿ ಸಲ ಕೂಗಿದಾಗಲೂ ಅವನ ಧ್ವನಿ ಒಂದೊಂದು ಮೆಟ್ಟಿಲು ಕೆಳಗಿಳಿಯಿತು. ಪ್ರತಿ ಸಲವೂ ಒಂದು ಎಲೆ ಎದ್ದು ಒಂದು ಪಾತ್ರೆಗೆ ಬಗ್ಗಿತು. ಏಳನೇ ಗುಡ್ಡೆಯ ಹೊತ್ತಿಗೆ ಅವನು ಕೂಗುತ್ತಿದ್ದಾನೋ ಗೊಣಗುತ್ತಿದ್ದಾನೋ ತಿಳಿಯದೆ ಜಯದೇವಪ್ಪನವರು “ಏನಂದೆ?” ಎಂದು ಎರಡು ಸಲ ಕೇಳಿದರು. ಒಂಬತ್ತೂ ಮುಗಿದವು. ಬೆನ್ನು ತಿರುಗಿಸಿ ಕೂತ ಜಯದೇವಪ್ಪನವರಿಗೆ ಅದು ಕಾಣಲಿಲ್ಲ. ಅವರು ಅಭ್ಯಾಸದಂತೆ ಹತ್ತನೆಯ ಹೆಸರನ್ನೂ ಗಟ್ಟಿಯಾಗಿ ಹೇಳಿದರು: “ಅಜ್ಜಯ್ಯ!”

ಅಜ್ಜಯ್ಯನ ಎದುರಿಗೆ ಪ್ಲಾಸ್ಟಿಕ್ ಹಾಳೆಯೊಂದೇ ಉಳಿದಿತ್ತು. ಅದನ್ನೂ ಹುಲಿಗೆಮ್ಮ ತೊಳೆಯಲು ತೆಗೆದುಕೊಂಡು ಹೋದಳು.

ಮುಂದಿನ ಭಾನುವಾರದ ವ್ಯವಸ್ಥೆ ಅಲ್ಲೇ ನಿಂತ ನಿಲುವಿನಲ್ಲಿ ಆಯಿತು. ಶನಿವಾರ ಅಂಗಡಿಗೆ ಮತ್ತೆ ಬೀಗ. ಕಡೂರು, ತರೀಕೆರೆ, ಅಜ್ಜಂಪುರ ಮತ್ತೆ ಅಪ್ಪ ಸುತ್ತಬೇಕು, ಚೀಟಿಯ ಪ್ರಶ್ನೆಗಳನ್ನು ಮತ್ತೆ ಕೇಳಬೇಕು, ಡಬ್ಬಿ ಮತ್ತೆ ತೊಡೆಯ ಮೇಲೆ. ಪ್ಯಾಕೆಟ್ ಮಾತ್ರ ಅಮ್ಮ ಮಾಡಬೇಕು.

“ಅವಳಾ?” ಎಂದ ಅಜ್ಜಯ್ಯ. ಆ ಸ್ಥಿತಿಯಲ್ಲೂ ಅವನಿಗೆ ಅದು ಸಹಿಸಲಾಗಲಿಲ್ಲ. “ಇಪ್ಪತ್ತು ವರ್ಸದಲ್ಲಿ ಅವಳು ನಂಗೂ ನಿಂಗೂ ಒಂದು ದಿನ ಸಮವಾಗಿ ಬಡಿಸಿಲ್ಲ. ಎಲ್ಲಾ ಒಳ್ಳೇದು ನಿನ್ನ ತಟ್ಟೆಗೆ ಬೇರೆ, ಸೀದಿದ್ದು ನನ್ನ ತಟ್ಟೆಗೆ ಬೇರೆ.”

“ಬೇರೆ ಬೇರೆ ಇಡೋ ಕೈಯೇ ನಂಗೆ ಬೇಕಿರೋದು ಅಪ್ಪ,” ಎಂದು ನಿಶ್ಚಿತಾ ಐಸ್ ಗಡ್ಡೆಯನ್ನು ಹಿತ್ತಲಿಗೆ ಎಸೆಯಲು ಹೋದಳು.

ಮಧ್ಯಾಹ್ನ ಹನ್ನೆರಡಾಯಿತು. ಬೀದಿಯ ಒಂಬತ್ತು ಮನೆಯ ಕುಕ್ಕರುಗಳೂ ಒಂದರ ಹಿಂದೊಂದು ಕೂಗಿದವು. ಜಗುಲಿಯ ಮೇಲೆ ಕೂತ ಅಜ್ಜಯ್ಯನಿಗೆ ವಾಸನೆಯ ಮೇಲೇ ಹೇಳಬಹುದಾಗಿತ್ತು, ಭುವನಾ ಕೊಬ್ಬರಿ ಹುರಿದು ಹಾಕಿದ್ದಾಳೆ, ಅಮೀನಾಬಿ ಪುದೀನ ಹಾಕಿದ್ದಾಳೆ, ಕೊನೆಯ ಮನೆಯವರಿಗೆ ಖಾರ ಜಾಸ್ತಿಯಾಗಿದೆ. ಎದೆಯಲ್ಲಿ ಸಿಟ್ಟು, ಒಳಗೆ ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆಯುವ ಸದ್ದು. ಈ ಬೀದಿಗೆ ಇನ್ನು ಮೇಲೆ ಗುಡ್ಡೆ ಹಾಕುವುದಿಲ್ಲ, ಬೇಕಾದರೆ ತಕ್ಕಡಿ ತಂದುಕೊಳ್ಳಲಿ ಎಂದು ಅವನು ಹಲ್ಲು ಕಡಿದ.

ಆಗ ಭುವನಾ ಸೆರಗಿನ ಕೆಳಗೆ ಒಂದು ಬಟ್ಟಲು ಮುಚ್ಚಿಕೊಂಡು ಬಂದಳು. “ಪುಕ್ಕಟೆ ಕೊಟ್ಟಿದೀರಾ, ನಿಮ್ಮನ್ನ ಬಿಟ್ಟು ನಾವು ಉಣ್ಣೋಕಾಗ್ತದಾ ಅಜ್ಜಯ್ಯಣ್ಣ?” ಎಂದು ಜಗುಲಿಯ ಮೇಲಿಟ್ಟಳು. ಅವಳ ಹಿಂದೆ ಅಮೀನಾಬಿ ಒಂದು ಬಟ್ಟಲು ತಂದಳು. ಅವಳ ಹಿಂದೆ ಮತ್ತೊಬ್ಬಳು. ಯಾರೂ ಮರೆಯಲಿಲ್ಲ. ಒಂಬತ್ತು ಮನೆಯಿಂದ ಒಂಬತ್ತು ಬಟ್ಟಲು ಅವನ ಮುಂದೆ ಸಾಲಾಗಿ ಕೂತವು, ಮೇಲೆ ತಟ್ಟೆ ಮುಚ್ಚಿ, ಹಬೆ ಆಡುತ್ತ. ಜನರನ್ನು ತಾನು ತಪ್ಪು ತಿಳಿದೆನಲ್ಲಾ ಎಂದು ಅಜ್ಜಯ್ಯನಿಗೆ ನಾಚಿಕೆಯಾಯಿತು. ಬೀದಿಯೆಂದರೆ ಇದು, ನೆರೆಹೊರೆಯೆಂದರೆ ಇದು! ಒಂಬತ್ತರಲ್ಲಿ ಒಂದೊಂದೇ ತುಂಡು ನೆಣವಿದ್ದರೂ ಒಂಬತ್ತಾಯಿತು. ಹುಲಿಗೆಮ್ಮ ಬರುವುದರೊಳಗೆ ಮುಗಿಸಿಬಿಡಬೇಕೆಂದು ಅವನು ಮೊದಲ ತಟ್ಟೆ ಎತ್ತಿ ಬೆರಳು ಅದ್ದಿದ.

ತಿಳಿ. ಬರೀ ತಿಳಿ.

“ನೆಣ ಎಲ್ಲಾ ಸೌಟಲ್ಲಿ ತೆಗ್ದು ತೆಗ್ದು ಹಾಕಿದೀನಿ ಅಣ್ಣ,” ಎಂದಳು ಭುವನಾ ಕಕ್ಕುಲಾತಿಯಿಂದ. “ತುಂಡೂ ಹಾಕಿಲ್ಲ. ನಿಮ್ಮ ಎದೆಗೆ ಏನಾದ್ರೂ ಆದ್ರೆ ಹುಲಿಗಕ್ಕಂಗೆ ನಾವು ಏನು ಮುಖ ತೋರ್ಸೋದು?”

ಅಜ್ಜಯ್ಯ ಎರಡನೆಯದು ಎತ್ತಿದ, ಮೂರನೆಯದು ಎತ್ತಿದ, ಒಂಬತ್ತೂ ಎತ್ತಿದ. ಒಂದರಲ್ಲೂ ತುಂಡಿಲ್ಲ, ಒಂದರಲ್ಲೂ ಒಂದು ಹನಿ ಜಿಡ್ಡಿಲ್ಲ. ಹುಲಿಗೆಮ್ಮ ಹೀರೇಕಾಯಿಯ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಬಟ್ಟಲುಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದಳು.

“ನೋಡ್ರೀ,” ಎಂದಳು. “ನೀವು ಹಾಕಿದ್ದಕ್ಕಿಂತ ಸಮವಾಗಿ ಐತೆ.”